ಆ ಕೋಲನ್ನು ಮಂಚದ ಹತ್ತಿರದಿಂದ ತೆಗೆ

ಶಿರಸಿ
ಜನವರಿ 12

ಪ್ರೀತಿಯ ತಂಗಿ,

ನಿನ್ನ ಪತ್ರವನ್ನು ನಿನ್ನ ತಮ್ಮ ಪೇಟೆಗೆ ಹೋದಾಗ ಪ್ರಿಂಟ್ ಹಾಕಿಸಿಕೊಂಡು ಬಂದ. ಮೂರು ಸಲ ಓದಿದೆ. ನೀವು ಸಾಕಿದ ಹಾವು ಗಾಜಿನ ಪೆಟ್ಟಿಗೆಯಿಂದ ತಪ್ಪಿಸಿಕೊಂಡು ಒಂಬತ್ತು ದಿನವಾಯ್ತು, ನಿನ್ನ ಮಗ ಮಾಣಿ ಸರಿಯಾಗಿ ಉಣ್ಣುತ್ತಿಲ್ಲ, ಮಿನಿಯಾಪೊಲಿಸ್‌ನಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿ. ಇದನ್ನೆಲ್ಲ ಓದಿ ‘ಅಯ್ಯೋ’ ಅಂದೆ, ಅಷ್ಟೆ. ಕೊನೆಗೆ ಒಂದು ಮಾತು ಬರೆದಿದ್ದೀಯಲ್ಲ, ಅದು ನಿದ್ದೆ ಕೆಡಿಸಿತು. “ಮಾಪಿನ ಕೋಲು ಮಂಚದ ಪಕ್ಕ ಇಟ್ಟುಕೊಂಡು ಮಲಗ್ತೇನೆ ದೊಡ್ಡಾಯಿ. ರಾತ್ರಿ ಅದು ಎದುರಿಗೆ ಬಂದ್ರೆ ನಾನೇ ಹೊಡೆದುಬಿಡ್ತೇನೇನೋ ಅಂತ ಹೆದರಿಕೆ.”

ಹಾವಿಗೆ ಹೆದರಿದ್ದೀಯ ಅಂದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನೀನು ನಿನ್ನ ಕೈಗೇ ಹೆದರಿದ್ದೀಯ. ಆ ಕೈಗೆ ಹೊಡೆಯೋದು ಕಲಿಸಿದವಳು ನಾನು.

ಊದುಗೊಳವೆಯ ಕತೆಯನ್ನು ನಿನಗೆ ಮತ್ತೆ ಹೇಳಬೇಕಾಗಿಲ್ಲ. ನೀನು ಮೀಯುತ್ತಿದ್ದಾಗ ಬಚ್ಚಲೊಲೆಯ ಹತ್ತಿರ ಬಂದ ಹಾವನ್ನು, ವಿಷದ ಕಟ್ಟು ಹಾವು ಅಂತ, ನಾನು ಒಲೆ ಊದುತ್ತಿದ್ದ ಕೊಳವೆಯಿಂದಲೇ ಹೊಡೆದು ಕೊಂದ ಕತೆ. ನಮ್ಮಲ್ಲಿ ಮದುವೆಯಾಗಲಿ, ಮುಂಜಿಯಾಗಲಿ, ಊಟ ಮುಗಿಸಿ ಕವಳ ಹಾಕುತ್ತಾ ಕೂತಾಗ ಯಾರಾದರೂ ಅದನ್ನು ಎತ್ತಿಯೇ ಎತ್ತುತ್ತಾರೆ. 1994ರಿಂದ ಕೇಳಿ ಕೇಳಿ ನನಗೇ ಸಾಕಾಗಿದೆ. ಅದರಲ್ಲಿ ಬಾರದೇ ಉಳಿದದ್ದು ಸ್ವಲ್ಪ ಇದೆ. ಅದನ್ನು ಹೇಳುತ್ತೇನೆ.

ಪೆಟ್ಟು ಬಿದ್ದ ಮೇಲೆ ನಿನ್ನ ಮುಖ ನೋಡಿದವಳು ನಾನೊಬ್ಬಳೇ. ಬಚ್ಚಲೊಲೆಯ ಬೆಳಕಿನಲ್ಲಿ, ನೀನು ಸೋಪು ಹಚ್ಚಿಕೊಂಡು ನಿಂತಿದ್ದೆ. ನೊರೆ ಕಣ್ಣಿಗೆ ಇಳಿಯುತ್ತಿತ್ತು. ಉರಿಯುತ್ತಿತ್ತೋ ಏನೋ, ನೀನು ಕಣ್ಣು ಮುಚ್ಚಲಿಲ್ಲ. ಮಾರನೇ ದಿನ ಶಾಲೆಯಿಂದ ಬಂದವಳು ಜಗುಲಿಯಲ್ಲಿ ದನದ ಹಗ್ಗದ ತುಂಡೊಂದನ್ನು ನೆಲದ ಮೇಲೆ ಸೊಟ್ಟಗೆ ಹಾಕಿ, ಕೋಲಿನಿಂದ ಬಡಿಯುತ್ತಿದ್ದೆ. ‘ತಲೆಗೇ ಹೊಡೀಬೇಕು, ತಲೆಗೇ ಹೊಡೀಬೇಕು’ ಅಂತ ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ಅಡಿಕೆ ಸುಲಿಯಲು ಬಂದ ಹೆಂಗಸರು ಕೆಲಸ ಬಿಟ್ಟು ನಕ್ಕರು. ನಾನೂ ನಕ್ಕೆ.

ನಗುವಾಗ ನನಗೆ ಗೊತ್ತಿತ್ತು, ಅದು ಕಟ್ಟು ಹಾವಲ್ಲ ಅಂತ.

ಅವತ್ತು ಬೆಳಿಗ್ಗೆಯೇ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ತೋಟಕ್ಕೆ ಇಳಿಯುವ ಮೊದಲು ಗೊಬ್ಬರಗುಂಡಿಯ ಹತ್ತಿರ ಆ ಸತ್ತ ಹಾವನ್ನು ನೋಡಿದ್ದ. ಕಡ್ಡಿಯಿಂದ ಮಗುಚಿ ನನ್ನನ್ನು ಕರೆದ. “ಅಮ್ಮಾ, ಬಿಳಿ ಪಟ್ಟೆ ನೋಡಿ. ಕುತ್ತಿಗೆ ಹತ್ರ ದಪ್ಪ ಇದೆ, ಬಾಲಕ್ಕೆ ಹೋಗ್ತಾ ಮಾಸಿ ಹೋಗಿದೆ. ಕಟ್ಟು ಹಾವಿಗೆ ಇದು ತಿರುಗಾ ಮುರುಗಾ. ಇದು ಹಲ್ಲಿ ತಿಂದುಕೊಂಡು ಇರೋ ಪಾಪದ್ದು.” ತೋಳ ಹಾವು ಅಂತ ಅದರ ಹೆಸರು, ವಿಷವಿಲ್ಲ, ಹಲ್ಲಿ ಹುಡುಕಿಕೊಂಡು ಮನೆಯೊಳಗೇ ಬರುತ್ತದೆ ಅನ್ನೋದೆಲ್ಲ ಎಷ್ಟೋ ವರ್ಷದ ಮೇಲೆ ತಿಳಿಯಿತು. ಆಗ ನಾನು ಹೇಳಿದ್ದು ಒಂದೇ ಮಾತು. “ಯಾರಿಗೂ ಹೇಳಬೇಡ ಮಾರಾಯ.” ಅವನು ಹೇಳಲಿಲ್ಲ. ನಾನೂ ಹೇಳಲಿಲ್ಲ, ನಿನ್ನ ದೊಡ್ಡಪ್ಪನಿಗೂ. ಆ ಸಲ ನಾಗರ ಪಂಚಮಿಗೆ ಬನದಲ್ಲಿ ಹಾಲು ಜಾಸ್ತಿಯೇ ಎರೆದೆ. ಹಾವು ಹಾಲು ಕುಡಿಯೋದಿಲ್ಲ ಅಂತ ಈಗಿನ ಮಕ್ಕಳು ಹೇಳ್ತಾರೆ. ಇರಲಿ, ನಾನು ಎರೆದದ್ದು ಅದಕ್ಕೆ ಹಸಿವೆಯಾಗಿದೆ ಅಂತಲ್ಲವಲ್ಲ.

ಹೊಡೆದದ್ದೇ ತಪ್ಪು ಅಂತ ಈಗಲೂ ಪೂರ್ತಿ ಹೇಳಲಾರೆ ತಂಗಿ. ಕತ್ತಲು, ಕಟ್ಟಿಗೆ ರಾಶಿ, ನಿನ್ನ ಬರಿಗಾಲು. ಕಟ್ಟು ಹಾವೇ ಆಗಿದ್ದರೆ? ಅದು ಕಚ್ಚಿದ್ದು ಎಷ್ಟೋ ಸಲ ನೋವೇ ಆಗೋದಿಲ್ಲವಂತೆ, ಮಲಗಿದವರು ಏಳದೇ ಹೋದದ್ದುಂಟು. ಆದರೆ ಹಗ್ಗ ಬಡಿಯುತ್ತಿದ್ದ ನಿನ್ನನ್ನು ಹತ್ತಿರ ಕರೆದು, ‘ದೊಡ್ಡಾಯಿ ತಪ್ಪು ತಿಳಿದು ಹೊಡೆದಳು ಕೂಸೆ’ ಅನ್ನಬಹುದಿತ್ತು. ಒಂದು ನಿಮಿಷದ ಮಾತು. ಧೈರ್ಯವಂತೆ ಅನ್ನಿಸಿಕೊಳ್ಳೋದು ರುಚಿ ಹತ್ತಿತ್ತು ನನಗೆ.

ಈಗ ಆ ಕೋಲು ನಿನ್ನ ಮಂಚದ ಪಕ್ಕ ಬಂದು ನಿಂತಿದೆ.

ನಿನ್ನ ಹಾವಿನ ಫೋಟೋ ತಮ್ಮ ದೊಡ್ಡದು ಮಾಡಿ ತೋರಿಸಿದ. ಕಿತ್ತಳೆ ಮೈ, ಕೆಂಪು ಮಚ್ಚೆ, ಮಚ್ಚೆಗೆ ಕಪ್ಪು ಅಂಚು. ಮಾಣಿ ಎತ್ತಿ ಹಿಡಿದ ಚಿತ್ರದಲ್ಲಿ ಹೊಟ್ಟೆ ಕಾಣುತ್ತದೆ, ಕಪ್ಪು ಬಿಳುಪು ಚೌಕ, ಪಗಡೆ ಹಾಸಿನ ಹಾಗೆ. ಕಾರ್ನ್ ಸ್ನೇಕ್ ಅಂತ ಹೆಸರು, ಅದಕ್ಕೇ ಮಾಣಿ ‘ಜೋಳ’ ಅಂತ ಕರೀತಾನಂತೆ. ಇಲ್ಲಿ ಸುತ್ತಮುತ್ತಲಿನ ಹಾವು ಹಿಡಿದು ಸಾಕಿದರೆ ಅರಣ್ಯ ಇಲಾಖೆಯವರು ಬಂದು ಕರೆದೊಯ್ಯುತ್ತಾರೆ, ಹಾವನ್ನೂ ನಮ್ಮನ್ನೂ. ವನ್ಯಜೀವಿ ಕಾಯ್ದೆ 1972ರದ್ದೇ ಆದರೂ ನಮ್ಮ ಬಚ್ಚಲಮನೆಗೆ ಅದು ಬಂದು ಮುಟ್ಟಿರಲಿಲ್ಲ ಬಿಡು.

ಇಲ್ಲಿ ಹಾವು ಹಿಡಿಯುವ ಹುಡುಗನೊಬ್ಬ ಇದ್ದಾನೆ. ಹೋದ ತಿಂಗಳು ತೆಂಗಿನಕಾಯಿ ರಾಶಿಯಿಂದ ನಾಗರವೊಂದನ್ನು ತೆಗೆದುಕೊಂಡು ಹೋದ. ಈಗ ತೋಟದಲ್ಲಿ ಕಾಳಿಂಗ ಕಂಡರೂ ಜನ ಕೋಲು ಹುಡುಕೋದಿಲ್ಲ, ಫೋನ್ ಹುಡುಕ್ತಾರೆ. ನಮ್ಮ ಘಟ್ಟದ ಕಾಳಿಂಗ ಬೇರೆಯೇ ಜಾತಿ ಅಂತ 2024ರಲ್ಲಿ ಗೊತ್ತಾಗಿ, ವಿಜ್ಞಾನಿಗಳು ‘ಕಾಳಿಂಗ’ ಅಂತಲೇ ಹೆಸರಿಟ್ಟರು ಅಂತ ಅವನು ತನ್ನ ಮನೆ ಹುಡುಗನಿಗೆ ರ‍್ಯಾಂಕ್ ಬಂದವರ ಹಾಗೆ ಹೇಳಿದ. ನಿನ್ನ ಸಂಗತಿ ಅವನ ಹತ್ತಿರ ಕೇಳಿದೆ. ಬೇಸರ ಮಾಡಿಕೊಳ್ಳಬೇಡ, ಹೆಸರು ಹೇಳಿಲ್ಲ.

ಜೋಳಕ್ಕೆ ವಿಷ ಇಲ್ಲ ಅಂತ ನಿನಗೆ ಗೊತ್ತೇ ಇದೆ. ಬೆಳೆದ ಹಾವಾದರೆ ಊಟವಿಲ್ಲದೆ ಎಷ್ಟೋ ವಾರ ತಡೆಯುತ್ತದಂತೆ. ಹಾಗಾಗಿ ಒಂಬತ್ತು ದಿನ ಏನೂ ಅಲ್ಲ. ಮನೆಯೊಳಗೆ ಬೆಚ್ಚಗಿದೆಯಲ್ಲ, ಅದು ಬಿಸಿ ಇರುವ ಕತ್ತಲೆ ಹುಡುಕಿಕೊಂಡು ಕೂತಿರುತ್ತದೆ ಅಂದ. ಫ್ರಿಜ್ಜಿನ ಹಿಂದೆ ಮೋಟಾರಿನ ಹತ್ತಿರ, ನೀರು ಕಾಯಿಸುವ ಟ್ಯಾಂಕಿನ ಬುಡ. ನಮ್ಮ ಬಚ್ಚಲೊಲೆಯ ಬೂದಿಗೆ ಬಂದದ್ದೂ ಬಹುಶಃ ಇದೇ ಲೆಕ್ಕ. ಹೊರಗೋಡೆಯ ಸಂದಿಗೆ ಸೇರಿದ್ದರೆ ಮಾತ್ರ ಕಷ್ಟ. ಇದನ್ನು ಬರೀಬೇಕೋ ಬೇಡವೋ ಅಂತ ಯೋಚನೆ ಮಾಡಿದೆ. ಮುಚ್ಚಿಟ್ಟು ಏನಾಗುತ್ತದೆ ಅಂತ ಮೇಲೆ ಬರೆದಿದ್ದೇನಲ್ಲ, ಅದಕ್ಕೇ ಬರೆದೆ.

ಗೋಡೆ ಬದಿಗೆ ಮೈದಾಹಿಟ್ಟು ತೆಳ್ಳಗೆ ಉದುರಿಸಿ ಮಲಗು. ನಮ್ಮತ್ತೆ ಇಲಿಯ ದಾರಿ ಹಿಡಿಯಲು ಹೊಸಿಲ ಹತ್ತಿರ ಬೂದಿ ಉದುರಿಸುತ್ತಿದ್ದರು. ಹಾವು ಹೋದರೆ ಗೆರೆ ಬೀಳುತ್ತದೆ. ಬಟ್ಟೆ ಮಷಿನ್ನಿಗೆ ಹಾಕುವ ಮೊದಲು ಒಂದೊಂದೇ ಕೊಡವಿ ಹಾಕು. ಇಲಿಗೆ ಅಂತ ಅಂಟಿನ ಹಲಗೆ ಇಟ್ಟಿದ್ದರೆ ಇವತ್ತೇ ತೆಗೆ, ಹಾವೂ ಅದಕ್ಕೆ ಮೆತ್ತಿಕೊಳ್ಳುತ್ತದೆ. ಸಿಕ್ಕಾಗ ಮೈ ತಣ್ಣಗೆ ಕೊರಡಿನ ಹಾಗಿದ್ದರೆ ಸತ್ತಿದೆ ಅಂತ ಗಡಬಡಿಸಿ ಹೀಟರ್ ಮೇಲೆ ಇಡಬೇಡ, ನಿಧಾನಕ್ಕೆ ಬೆಚ್ಚಗಾಗಲಿ. ಇದೆಲ್ಲ ನಿನಗೆ ಆಗಲೇ ಗೊತ್ತಿರಬಹುದು. ಶಿರಸಿಯಲ್ಲಿ ಕೂತು ಅಮೆರಿಕದ ಹಾವಿಗೆ ದಾರಿ ಹೇಳುವ ಮುದುಕಿ ಅಂತ ನಗಬೇಡ.

ನಿನ್ನ ಕೈ ಬಗ್ಗೆ ಮಾತ್ರ ಒಂದು ಯೋಚನೆ ಹೊಳೆಯಿತು. ಆ ಹುಡುಗನನ್ನು ಕೇಳಲಿಲ್ಲ, ನನ್ನದೇ. ಮಾಪಿನ ಕೋಲನ್ನು ಬೇಸ್‌ಮೆಂಟಿಗೆ ಕಳಿಸು, ಕೈಗೆ ಸಿಗಲೇಬಾರದು. ರಾತ್ರಿ ಏಳುವಾಗ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ದಿಂಬಿನ ಕವರು. ನಾನು ಅವತ್ತು ಒಲೆ ಊದುತ್ತಿದ್ದೆ, ಕೈಯಲ್ಲಿ ಊದುಗೊಳವೆ ಇತ್ತು. ಚೊಂಬು ಇದ್ದಿದ್ದರೆ ಹೊಡೆಯುತ್ತಿದ್ದೆನಾ? ನೀರು ಎರಚಿ ನಿನ್ನನ್ನು ಎತ್ತಿಕೊಂಡು ಓಡುತ್ತಿದ್ದೆ ಅನ್ನಿಸುತ್ತದೆ. ಗೊತ್ತಿಲ್ಲ. ಈ ಮೂವತ್ತು ವರ್ಷದಲ್ಲಿ ಎಷ್ಟೋ ಸಲ ಚೊಂಬು ಹಿಡಿದು ನಿಂತು ನೋಡಿದ್ದೇನೆ, ಮನಸ್ಸಿನಲ್ಲಿ.

ಕಂಡರೆ ಕೂಗಬೇಡ, ಅಲ್ಲೇ ನಿಲ್ಲು. ಮಾಣಿಯನ್ನು ಎಬ್ಬಿಸು. ಅವನಿಗೆ ಎತ್ತಿಕೊಳ್ಳಲು ಬರುತ್ತದಲ್ಲ, ನಿನ್ನ ಕೆಲಸ ಬರೀ ಬೆಳಕು ಹಿಡಿಯೋದು.

ನೀನು ಅವನಿಗೂ ಊದುಗೊಳವೆಯ ಕತೆ ಹೇಳಿರಬೇಕು, ಅಲ್ವಾ? ಅಜ್ಜಿ ಹಾವು ಕೊಂದ ಕತೆ ಗೊತ್ತಿರುವ ಹುಡುಗ, ಅಮ್ಮನ ಮಂಚದ ಪಕ್ಕ ಕೋಲು ನೋಡಿದರೆ ಉಣ್ಣುವುದಾದರೂ ಹೇಗೆ? ಭಾನುವಾರ ವಿಡಿಯೋ ಕಾಲ್ ಮಾಡಿ ಅವನನ್ನು ಕೂರಿಸು. ಉಳಿದದ್ದನ್ನು ನಾನೇ ಹೇಳುತ್ತೇನೆ. ಕನ್ನಡ ಅರ್ಥವಾಗದ ಕಡೆ ನೀನು ಹೇಳಿಕೊಡು, ಏನೂ ಬಿಡಬೇಡ.

ನಿಮ್ಮ ರಾತ್ರಿ ನಮಗೆ ಹಗಲು. ಜೋಳ ಸಿಕ್ಕ ಕೂಡಲೇ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ಸಿಗದಿದ್ದರೂ ಮಾಡು. ಕಷಾಯದ ಪುಡಿ ಮಾಡಿಟ್ಟಿದ್ದೇನೆ, ಯಾರಾದರೂ ಆ ಕಡೆ ಬರುವವರಿದ್ದರೆ ತಿಳಿಸು.

ನಿನ್ನ
ದೊಡ್ಡಾಯಿ