ರೈಲಿನಲ್ಲಿ ಚೆಸ್ ಕಲಿಸಿದ ಹಿರಿಯರಿಗೆ

ಕಳೆದ ತಿಂಗಳು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವ ರೈಲಿನಲ್ಲಿ ನೀವು ಎದುರು ಸೀಟಿನಲ್ಲಿದ್ದಿರಿ. ನಿಮ್ಮ ಪುಟ್ಟ ಚೆಸ್ ಬೋರ್ಡನ್ನೇ ನನ್ನ ಮಗಳು ನೋಡುತ್ತಿದ್ದಳು. ‘ಬಾ ಪುಟ್ಟಿ, ಆಡೋಣ’ ಅಂದಿರಿ. ನಾನೂ ಪಕ್ಕಕ್ಕೆ ಸರಿದೆ.

ಬಲಗೈ ಕಡೆಯ ಮೂಲೆಮನೆ ಬಿಳಿ ಇರಬೇಕು, ಅಲ್ಲಿಂದ ಶುರು. ಆನೆ ನೇರ, ಒಂಟೆ ಓರೆ. ಕುದುರೆಗೆ ಮಾತ್ರ ಜಾಸ್ತಿ ಹೊತ್ತು ಕೊಟ್ಟಿರಿ. ಖಾಲಿ ಬೋರ್ಡಿನ ನಡುವೆ ಇಟ್ಟು, ಅದು ಹಾರಬಲ್ಲ ಮನೆ ಎಣಿಸು ಅಂದಿರಿ. ಎಂಟು. ಮೂಲೆಗೆ ಇಟ್ಟಿರಿ. ಎರಡೇ! ನಡುಭಾಗಕ್ಕೆ ಯಾಕಷ್ಟು ಬೆಲೆ ಅಂತ ನಮಗಿಬ್ಬರಿಗೂ ಆಗಲೇ ಹೊಳೆಯಿತು.

ಅವಳು ತಪ್ಪು ನಡೆ ಇಟ್ಟಾಗ ಒಮ್ಮೆಯೂ ಬೈಯಲಿಲ್ಲ. ‘ಈಗ ನಾನೇನು ಮಾಡಬಹುದು, ಹೇಳು’ ಅಂತಷ್ಟೇ ಕೇಳಿದಿರಿ. ಎಂಥ ಒಳ್ಳೆ ಪ್ರಶ್ನೆ ಅಲ್ವಾ!

ನೀವು ತುಮಕೂರಿನಲ್ಲಿ ಇಳಿಯುವ ಗಡಿಬಿಡಿಯಲ್ಲಿ ಹೆಸರು ಕೇಳಲಾಗಲಿಲ್ಲ. ಈಗ ದಿನಾ ಊಟವಾದ ಮೇಲೆ ನಾವಿಬ್ಬರೂ ಆಡುತ್ತೇವೆ. ತುಂಬಾ ಧನ್ಯವಾದ ಸರ್.