ಲಾಸಾದಲ್ಲಿ ಓಡಾಟದ ಬಗ್ಗೆ ಕೇಳಿದ್ದಿರಲ್ಲ

ಪ್ರೀತಿಯ ಅಪ್ಪ, ಅಮ್ಮ,

ನಾನು ಚೆನ್ನಾಗಿದ್ದೇನೆ. ರಜೆ ಹಾಕಿ ಟಿಬೆಟ್ಟಿನ ಲಾಸಾಕ್ಕೆ ಬಂದಿದ್ದೇನೆ, ಇಲ್ಲಿಂದಲೇ ಬರೆಯುತ್ತಿದ್ದೇನೆ. ಅಮ್ಮನ ಮಂಡಿನೋವು ಇಟ್ಟುಕೊಂಡು ಇಲ್ಲಿ ಓಡಾಡಲು ಆಗುತ್ತಾ ಅಂತ ಕೇಳಿದ್ದಿರಿ. ಆಗುತ್ತದೆ. ಆದರೆ ನಿಧಾನವಾಗಿ.

ನಾವು ವಿದೇಶಿಯರು ಸುಮ್ನೆ ಟಿಕೆಟ್ ತೆಗೆದು ಇಲ್ಲಿಗೆ ಬರುವ ಹಾಗಿಲ್ಲ. ಟಿಬೆಟ್ ಪರ್ಮಿಟ್ ಬೇಕು, ಅದನ್ನು ಟ್ರಾವೆಲ್ ಏಜೆನ್ಸಿಯವರೇ ಮಾಡಿಸಬೇಕು, ಮಠಗಳಿಗೆ ಹೋಗುವಾಗ ಗೈಡ್ ಜೊತೆಗಿರಬೇಕು. ಹಾಗಾಗಿ ದೊಡ್ಡ ಓಡಾಟವೆಲ್ಲ ಅವರ ಗಾಡಿಯಲ್ಲೇ. ಊರು ಬಿಟ್ಟು ಹೊರಗೆ ಹೋಗುವ ಬಸ್ಸನ್ನು ನಾವು ಹತ್ತುವಂತಿಲ್ಲ. ಟಿಬೆಟ್ಟಿನ ಇನ್ನೊಂದು ಊರು ಶಿಗಾಟ್ಸೆಗೆ 2014ರಿಂದ ರೈಲಿದೆ, ಮೂರು ಗಂಟೆ ಹಿಡಿಯುತ್ತದೆ, ಗೈಡ್ ಜೊತೆ ಅದರಲ್ಲಿ ಹೋಗಬಹುದು.

ಗೈಡ್ ಕೆಲಸ ಮುಗಿದ ಮೇಲೆ ಊರೊಳಗೆ ನಮ್ಮ ಪಾಡಿಗೆ ನಾವು ತಿರುಗಬಹುದು. ಟ್ಯಾಕ್ಸಿ ಬೇಕಾದಷ್ಟಿವೆ, ಕೈ ತೋರಿಸಿದರೆ ನಿಲ್ಲುತ್ತವೆ. ಡ್ರೈವರುಗಳಿಗೆ ಇಂಗ್ಲಿಷ್ ಬರುವುದು ಕಡಿಮೆ, ಅದಕ್ಕೆ ಹೋಟೆಲಿನವರ ಹತ್ತಿರ ವಿಳಾಸವನ್ನು ಚೀನೀ ಲಿಪಿಯಲ್ಲಿ ಬರೆಸಿ ಜೇಬಿನಲ್ಲಿ ಇಟ್ಟುಕೊಂಡಿರಬೇಕು, ಹತ್ತುವ ಮೊದಲೇ ಅದನ್ನು ತೋರಿಸಿ ದುಡ್ಡೆಷ್ಟು ಅಂತ ಕೇಳಿಬಿಡಬೇಕು. ಸಿಟಿ ಬಸ್ಸು ತುಂಬ ಅಗ್ಗ, ಆದರೆ ಅಮ್ಮ, ನಿನಗೆ ಅದು ಬೇಡ, ಬೆಳಿಗ್ಗೆ ಸೀಟು ಸಿಗುವುದು ಕಷ್ಟ. ರಸ್ತೆ ದಾಟುವಾಗ ಎರಡೂ ಕಡೆ ನೋಡು, ಎಲೆಕ್ಟ್ರಿಕ್ ಸ್ಕೂಟರ್‌ಗಳು ಸದ್ದೇ ಇಲ್ಲದೆ ಬಂದುಬಿಡುತ್ತವೆ.

ಹಳೇ ಪೇಟೆಯಲ್ಲಿ ಜೋಖಾಂಗ್ ದೇವಸ್ಥಾನದ ಸುತ್ತ ಇರುವ ಬಾರ್ಖೋರ್ ಬೀದಿಯೊಳಗೆ ಗಾಡಿ ಬಿಡುವುದಿಲ್ಲ, ಪಾಸ್‌ಪೋರ್ಟ್ ಸದಾ ಕೈಯಲ್ಲಿರಲಿ, ತಪಾಸಣೆ ಇರುತ್ತದೆ. ಜೋಖಾಂಗ್ ದೇವಸ್ಥಾನದ ಸುತ್ತ ಒಂದು ಪ್ರದಕ್ಷಿಣೆ ಸುಮಾರು ಒಂದು ಕಿಲೋಮೀಟರ್, ನಮ್ಮ ಹಾಗೇ ಬಲಕ್ಕೆ ದೇವರನ್ನು ಬಿಟ್ಟುಕೊಂಡು ಎಲ್ಲರೂ ನಡೆಯುತ್ತಾರೆ. ನೆಲ ಸಮತಟ್ಟು. ಅಜ್ಜಿಯರು ಕೈಯಲ್ಲಿ ಮಣಿಚಕ್ರ, ಅಂದರೆ ಪ್ರಾರ್ಥನೆಯ ಚಕ್ರ ತಿರುಗಿಸುತ್ತಾ, ಸಾಕಾದಲ್ಲಿ ಕೂತು, ಮತ್ತೆ ಎದ್ದು ಹೊರಡುತ್ತಾರೆ. ಅಮ್ಮ, ಇದನ್ನು ನೀನು ಖಂಡಿತ ಮಾಡಬಹುದು, ನೀನು ಮಾಡಬೇಕು ಅಂತ ನನಗೆ ತುಂಬಾ ಆಸೆ. ಪೊಟಾಲಾ ಅರಮನೆ ಮಾತ್ರ ಬರೀ ಮೆಟ್ಟಿಲು, ಮೇಲಕ್ಕೆ ಗಾಡಿ ಇಲ್ಲ. ಎದುರಿನ ಚೌಕದಲ್ಲಿ ಕೂತು ನೋಡಿದರೂ ಕಣ್ಣು ತುಂಬುತ್ತದೆ.

ಅಪ್ಪ, ಕುಶಾಲನಗರದಿಂದ ಆಟೊ ಹತ್ತಿ ಬೈಲಕುಪ್ಪೆಯ ಸೆರಾ ಮಠಕ್ಕೆ ಹೋಗುತ್ತಿದ್ದೆವಲ್ಲ, ಅದರ ಮೂಲ ಮಠ ಇಲ್ಲೇ ಊರಿನ ಉತ್ತರಕ್ಕಿದೆ, 1419ರಲ್ಲಿ ಕಟ್ಟಿದ್ದು. ಕಾರಿನಲ್ಲಿ ಹೋದರೆ ತುಂಬ ಹೊತ್ತಾಗುವುದಿಲ್ಲ. ಮಧ್ಯಾಹ್ನದ ಮೇಲೆ ಹೋಗಿ, ಭಿಕ್ಷುಗಳು ಅಂಗಳದಲ್ಲಿ ಚಪ್ಪಾಳೆ ತಟ್ಟಿ ಧರ್ಮದ ಬಗ್ಗೆ ವಾದ ಮಾಡುವುದನ್ನು ನೋಡಬಹುದು.

ಇಲ್ಲಿ ಎತ್ತರ 3650 ಮೀಟರ್, ಎರಡು ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಬಂದ ಮೊದಲೆರಡು ದಿನ ಹೋಟೆಲಿನಲ್ಲೇ ಇರಿ, ಏನೂ ನೋಡುವುದು ಬೇಡ. ಅಪ್ಪನ ಬಿಪಿ ಮಾತ್ರೆ ವಿಷಯ ಡಾಕ್ಟರ ಹತ್ತಿರ ಮೊದಲೇ ಕೇಳಿ. ಅವರು ಸರಿ ಅಂದರೆ ಇಬ್ಬರ ಪಾಸ್‌ಪೋರ್ಟಿನದೂ ಫೋಟೊ ತೆಗೆದು ಕಳಿಸಿ, ಪರ್ಮಿಟ್ ಕೆಲಸ ಶುರು ಮಾಡಿಸುತ್ತೇನೆ.

ನಿಮ್ಮ ಮಗ