ಶಿವಾಜಿನಗರದಲ್ಲಿ ಸಿಕ್ಕ ಅಣ್ಣನಿಗೆ

ಅಕ್ವೇರಿಯಂ ಮೀನಿನ ಅಂಗಡಿಯಲ್ಲಿ ಅವತ್ತು ಮಾತಿಗೆ ಸಿಕ್ಕ ಅಣ್ಣ, ನಿಮ್ಮ ಹೆಸರು ಕೇಳೋದನ್ನೇ ಮರೆತೆ. ನನ್ನ 60 ಲೀಟರ್ ರೀಫ್ ಟ್ಯಾಂಕಿನ (ಹವಳ ಸಾಕುವ ಉಪ್ಪುನೀರಿನ ತೊಟ್ಟಿ) ಮರಳಿನ ಮೇಲೆ ಕೆಂಪು ಲೋಳೆ ಚಾಪೆಯಂತೆ ಹಬ್ಬಿತ್ತು, ಅದರಲ್ಲಿ ಸಣ್ಣ ಸಣ್ಣ ಗಾಳಿಗುಳ್ಳೆ. ನಾನು ಬಂದಿದ್ದು ಔಷಧಿಗೆ. ನೀವು ಫೋಟೋ ನೋಡಿ, "ಇದು ಪಾಚಿ ಅಲ್ಲಮ್ಮಾ, ಸಯನೋಬ್ಯಾಕ್ಟೀರಿಯಾ. ಯಾವ ನೀರು ಹಾಕ್ತೀರಾ?" ಅಂದಿರಿ. ಬೋರ್‌ವೆಲ್ ನೀರು ಅಂದೆ.

ನಿಮ್ಮ ಕೆಲಸ ಬಿಟ್ಟು ಅರ್ಧ ಗಂಟೆ ನಿಂತಿರಿ. ನೈಟ್ರೇಟ್, ಫಾಸ್ಫೇಟ್ ಜಾಸ್ತಿಯಾಗಿ, ನೀರಿನ ಓಟ ಕಡಿಮೆಯಾದ ಕಡೆ ಇದು ಬೆಳೆಯುತ್ತೆ ಅಂತ ತಿಳಿಸಿದಿರಿ. ಔಷಧಿಯಿಂದ ಲೋಳೆ ಹೋದರೂ ಕಾರಣ ಉಳಿಯುತ್ತೆ, ಅಲ್ವಾ?

ಪೈಪಿನಿಂದ ಲೋಳೆ ಎಳೆದು ತೆಗೆದೆ. ಆರ್‌ಓ ಡಿಐ ನೀರು (ಕರಗಿದ ಲವಣಗಳನ್ನೆಲ್ಲ ಸೋಸಿ ತೆಗೆದ ಶುದ್ಧ ನೀರು), ಅರ್ಧ ಆಹಾರ, ಪಂಪಿನ ಮುಖ ಆ ಮೂಲೆಗೆ. ಐದು ವಾರವಾಯಿತು. ಮರಳು ಬೆಳ್ಳಗಿದೆ, ಮುದುಡಿದ್ದ ಜೋಯಾಂಥಿಡ್ (ಹೂವಿನಂತೆ ಅರಳುವ, ಹವಳದಂಥ ಜೀವಿ) ಇವತ್ತು ಪೂರ್ತಿ ಅರಳಿದೆ. ತುಂಬಾ ಥ್ಯಾಂಕ್ಸ್ ಅಣ್ಣ.